ಸಪೂರ ಬಾಯಿಯ ಕತ್ತಿ

ಅವಳು ಬೇಗ ಕತ್ತಿ ಬದಲಾಯಿಸಿದಳು, ನಾನು ತಡವಾಗಿ ಬದಲಾಯಿಸಿದೆ. ಮರಗಳಿಗೆ ಅದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ. ಹಾಳಾದದ್ದು ನಮ್ಮಿಬ್ಬರ ಮಾತುಕತೆ. ನಡೆದದ್ದು ಇಷ್ಟೇ. ತೋಟದಲ್ಲಿ ಇದನ್ನು ಬೇರೆ ಬೇರೆ ರೀತಿ ಹೇಳುವವರಿದ್ದಾರೆ. ಅಜ್ಜಿ, ಎಂದರೆ ನಾನು, ಕಾದು ಗೆದ್ದಳು ಎನ್ನುವವರು ಕೆಲವರು, ಅಜ್ಜಿ ಹೆದರಿ ಕೂತಳು ಎನ್ನುವವರು ಕೆಲವರು. ಗೆದ್ದದ್ದು ಏನೂ ಇಲ್ಲ. ಹೆದರಿದ್ದು ಹೌದು, ಆದರೆ ಕೂತಿರಲಿಲ್ಲ.

ನೆರಿಯದ ಕಾಡಿನ ಅಂಚಿನಲ್ಲಿ ಒಂದು ರಬ್ಬರ್ ತೋಟ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಅಲ್ಲಿ ಮರ ಗೀರಿ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸದವರೆಲ್ಲ ಘಟ್ಟದ ಬುಡಕ್ಕೆ ಬಂದು ನೆಲೆಸಿದ ಮಲಯಾಳಿಗಳು. ತುಳು ಮಾತಾಡುವವರು ನಾವಿಬ್ಬರೇ ಹೆಂಗಸರು. ನಾನು ಬಂಟ್ವಾಳದ ಕಡೆಯವಳು, ಆಗಲೇ ಮೊಮ್ಮಗು ಕಂಡವಳು. ಇನ್ನೊಬ್ಬಳು ನನಗಿಂತ ಹದಿನೈದು ವರ್ಷಕ್ಕಾದರೂ ಸಣ್ಣವಳು, ಬ್ಯಾರಿ ಮುಸ್ಲಿಮರ ಮನೆಯವಳು. ಅವಳ ತವರೂ ಬಂಟ್ವಾಳದಲ್ಲೇ. ಒಂದೇ ವಾರ ಕೆಲಸಕ್ಕೆ ಸೇರಿದೆವು, ಚೇಟ ಎಂದು ಕರೆಯುತ್ತಿದ್ದ ಒಬ್ಬನೇ ಮಲಯಾಳಿಯ ಕೈಯಲ್ಲಿ ಕಲಿತೆವು, ಒಂದೇ ಲೈನ್ ಮನೆಯಲ್ಲಿ ಗೋಡೆಯ ಆಚೆ ಈಚೆ ಇದ್ದೆವು. ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕಲಿಯುವವರಿಗೆ ಆ ತೋಟದಲ್ಲಿ ಹಳೆಯ ಗುಡ್ಡೆಯ ಮರಗಳನ್ನು ಕೊಡುತ್ತಿದ್ದರು. ಇನ್ನು ಒಂದೆರಡು ವರ್ಷದಲ್ಲಿ ಕಡಿಯಲಿಕ್ಕಿರುವ ಮರಗಳು. ಅವುಗಳಿಗೆ ಗಾಯ ಆದರೂ ಯಾರಿಗೂ ಚಿಂತೆಯಿಲ್ಲ. ಕೊಡುವ ಕತ್ತಿಯೂ ಹಾಗೆಯೇ, ದಪ್ಪ ಬಾಯಿಯದ್ದು. ಟ್ಯಾಪಿಂಗ್ ಕತ್ತಿಯ ತುದಿ ಮಡಚಿದ ಎಲೆಯ ಹಾಗೆ ಬಾಗಿರುತ್ತದೆ. ಮರದ ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಓರೆಯಾಗಿ ಎಳೆದರೆ ತೊಗಟೆಯ ಸಪೂರ ಪಟ್ಟಿ ಕಿತ್ತು ಬರುತ್ತದೆ. ಆ ಗೀರಿನಲ್ಲಿ ಹಾಲು ಹರಿದು ಕೆಳಗೆ ಕಟ್ಟಿದ ತೆಂಗಿನ ಗೆರಟೆಗೆ ಬೀಳುತ್ತದೆ. ಹೆಚ್ಚು ಹಾಲು ಇರುವುದು ತೊಗಟೆಯ ಒಳಮೈಯಲ್ಲಿ, ಮರದ ಎಲುಬಿಗೆ ತಾಗಿದ ಹಾಗೆ. ಆದರೆ ಎಲುಬಿನ ಮೇಲೆ ಒಂದು ಹಸಿ ಪದರ ಉಂಟು. ಅದಕ್ಕೆ ಕತ್ತಿ ತಾಗಿತೋ, ಗಾಯ. ಅಲ್ಲಿ ಹೊಸ ತೊಗಟೆ ಸರಿಯಾಗಿ ಬರುವುದಿಲ್ಲ, ಗಂಟು ಕಟ್ಟುತ್ತದೆ. ಹಾಗಾಗಿ ಒಂದು ಕಾಗದದಷ್ಟು ತೊಗಟೆ ಬಿಟ್ಟು ನಿಲ್ಲಿಸಬೇಕು.

ದಪ್ಪ ಬಾಯಿಯ ಕತ್ತಿ ಅಷ್ಟು ಆಳಕ್ಕೆ ಹೋಗುವುದೇ ಇಲ್ಲ. ಕೈ ನಡುಗಲಿ, ನಿದ್ದೆ ಕಣ್ಣಿರಲಿ, ತಪ್ಪನ್ನು ಕತ್ತಿಯೇ ನುಂಗಿಕೊಳ್ಳುತ್ತದೆ. ಹಾಲು ಮಾತ್ರ ಕಡಿಮೆ. ಸಪೂರ ಬಾಯಿಯ ಕತ್ತಿ ಹಾಗಲ್ಲ. ನಾವು ಮಾಡಿದ್ದನ್ನೆಲ್ಲ ಅದು ಮರಕ್ಕೆ ಮುಟ್ಟಿಸುತ್ತದೆ, ಸರಿಯನ್ನೂ ತಪ್ಪನ್ನೂ. ಎಳೆಯ ಮರಗಳ ಗುಡ್ಡೆಗೆ ಹೋಗುವವರ ಕೈಯಲ್ಲಿ ಅದೇ ಇರಬೇಕು. ಆ ಮರಗಳು ಇನ್ನೂ ಇಪ್ಪತ್ತು ವರ್ಷ ಹಾಲು ಕೊಡಬೇಕಾದವು.

ಒಂದು ದೀಪಾವಳಿ ಕಳೆದ ಮೇಲೆ ತೋಟದ ಲೆಕ್ಕ ನೋಡುವ ರೈಟರು ನಮ್ಮಿಬ್ಬರನ್ನು ಕರೆದು ಎರಡು ಹೊಸ ಸಪೂರ ಕತ್ತಿ ಕೊಟ್ಟರು. ಎಳೆ ಗುಡ್ಡೆಯಲ್ಲಿ ಮರಗಳಿಗೆ ಮೊದಲ ಗೀರು ಹಾಕಿ ಬಾಯಿ ತೆರೆಯಲಿಕ್ಕೆ ಉಂಟು, ಒಬ್ಬೊಬ್ಬರಿಗೆ ಹಂಚುವ ಮರಗಳ ಎರಡು ಬ್ಲಾಕ್ ಖಾಲಿ ಉಂಟು, ಇಬ್ಬರೂ ಬನ್ನಿ ಎಂದರು. ನಮ್ಮ ಹಳೆ ಗುಡ್ಡೆಯನ್ನು ಬರುವ ವರ್ಷ ಕಡಿಯುತ್ತಾರೆ ಎಂದೂ ಹೇಳಿದರು.

ಆ ತೋಟದಲ್ಲಿ ಒಂದು ಕ್ರಮ ಇತ್ತು. ಸಪೂರ ಕತ್ತಿ ಹಿಡಿದವರು ಅದೇ ದಿನ ದಪ್ಪ ಕತ್ತಿಯನ್ನು ಮುಂದೆ ಕಲಿಯುವವರಿಗೆ ಕೊಟ್ಟುಬಿಡಬೇಕು. ಕೊಟ್ಟ ಮೇಲೆ ಪುನಃ ಕೇಳುವ ಹಾಗಿಲ್ಲ. ಕೇಳಿದರೆ ಎಲ್ಲರ ನಗೆಗೆ ಗುರಿ. ಅವಳು ಆ ಸಂಜೆಯೇ ತನ್ನದನ್ನು ತೊಳೆದು ರೈಟರ ಮೇಜಿನ ಮೇಲಿಟ್ಟಳು. ನಾನು ಎರಡನ್ನೂ ಮನೆಗೆ ತಂದೆ.

ರಾತ್ರಿ ಊಟಕ್ಕೆ ಮುಂಚೆ ಅವಳು ಬಂದು ನನ್ನ ಜಗಲಿಯಲ್ಲಿ ಕೂತಳು. ನನ್ನ ಕೈಗೆ ಇನ್ನೂ ಅದು ಬಂದಿಲ್ಲ, ನಾನು ಈ ವರ್ಷ ಹಳೆ ಗುಡ್ಡೆಯಲ್ಲೇ ಇರುತ್ತೇನೆ ಎಂದು ಹೇಳಿದೆ. ಅವಳಿಗೆ ಅದು ಬೇಕಿರಲಿಲ್ಲ. ನಾವಿಬ್ಬರೂ ಒಟ್ಟಿಗೆ ಬರುತ್ತೇವೆ ಎಂದು ಅವಳು ರೈಟರಿಗೆ ಆಗಲೇ ಮಾತು ಕೊಟ್ಟಾಗಿತ್ತು. ಒಬ್ಬಳೇ ಹೆಂಗಸನ್ನು ಅಷ್ಟು ಮೇಲೆ ಕಳಿಸಲಿಕ್ಕೆ ಅವರಿಗೂ ಮನಸ್ಸಿರಲಿಲ್ಲ.

"ಕೈ ಎಲ್ಲಿಂದ ಬರ್ತದೆ ಅಕ್ಕ? ಹಿಡಿದ್ರೆ ತಾನೆ ಬರುದು."

"ಎಳೆ ಮರದ ಮೇಲೆ ಕಲಿಲಿಕ್ಕೆ ಆಗ್ತದಾ? ಗಾಯ ಆದ್ರೆ ಅದು ಇಪ್ಪತ್ತು ವರ್ಷ ಇರ್ತದೆ."

"ಎಲ್ಲರೂ ಹಾಗೇ ಕಲ್ತದ್ದು."

"ನೀನು ಹಾಲು ನೋಡಿ ಕತ್ತಿ ಹಿಡಿತಿ. ನಾನು ತೊಗಟೆ ನೋಡಿ ಹಿಡಿತೇನೆ."

ನಾನು ಅದನ್ನು ಸುಮ್ಮನೆ ಹೇಳಿದ್ದು. ಅವಳು ಬೇರೆ ರೀತಿ ತೆಗೆದುಕೊಂಡಳು. ಎದ್ದು ನಿಂತು, ಸೆರಗು ಸರಿ ಮಾಡಿಕೊಂಡು, ಮೆಲ್ಲ ಹೇಳಿದಳು.

"ನಿನಗೆ ಮರದ ಚಿಂತೆ ಅಲ್ಲ ಅಕ್ಕ. ನನ್ನ ಎದುರು ನಿಂತು ತಪ್ಪು ಮಾಡ್ಲಿಕ್ಕೆ ನಾಚಿಕೆ. ಅಷ್ಟೇ."

ಮರುದಿನದಿಂದ ಅವಳು ಎಳೆ ಗುಡ್ಡೆಗೆ ಹೋದಳು, ಅಲ್ಲಿದ್ದ ಒಂದು ಮಲಯಾಳಿ ಗಂಡ ಹೆಂಡತಿಯ ಸಾಲಿನ ಪಕ್ಕದಲ್ಲಿ. ನಾನು ಹಳೆ ಗುಡ್ಡೆಗೆ ಹೋದೆ.

ಅಲ್ಲಿಯವರೆಗೆ ಆ ಗುಡ್ಡೆ ನನಗೆ ದೊಡ್ಡದಾಗಿ ಕಂಡಿರಲಿಲ್ಲ. ಇಬ್ಬರೂ ತಲೆಗೆ ಟಾರ್ಚು ಕಟ್ಟಿಕೊಂಡು ಎರಡು ಸಾಲು ಹಿಡಿದು ಹೋಗುತ್ತಿದ್ದೆವು. ಅವಳು ಅತ್ತಲಿಂದ ಏನಾದರೂ ಹೇಳುವಳು, ನಾನು ಇತ್ತಲಿಂದ ಬೈಯುವೆನು. ಕೆಳಗಿನ ಮಸೀದಿಯಲ್ಲಿ ಬಾಂಗು ಕೊಡುವ ಹೊತ್ತಿಗೆ ಅರ್ಧದಷ್ಟು ಮರಗಳು ಮುಗಿದಿರುತ್ತಿದ್ದವು. ಒಬ್ಬಳೇ ಆದ ಮೇಲೆ ಗೆರಟೆಗೆ ಹಾಲು ಬೀಳುವ ಶಬ್ದ ಸಹ ಕೇಳಲಿಕ್ಕೆ ಶುರುವಾಯಿತು. ಒಂದು ಬೆಳಗ್ಗೆ ಸಾಲಿನ ಮಧ್ಯೆ ಕಾಟಿ ನಿಂತಿತ್ತು, ದಾರಿಯಗಲಕ್ಕೂ ತುಂಬಿದ ಕಾಡುಕೋಣ. ಟಾರ್ಚು ಆರಿಸಿ ನಾನೂ ನಿಂತೆ. ಅದು ಉಸಿರು ಬಿಡುವುದು ಕೇಳುತ್ತಿತ್ತು. ಅದು ಹೋದ ಮೇಲೆ, ಕಾಟಿ ಬಂದಿತ್ತು ಎಂದು ಹೇಳಲಿಕ್ಕೆ ಯಾರೂ ಇರಲಿಲ್ಲ. ಸಂಜೆ ಹೇಳುವ ಎಂದರೆ ಗೋಡೆಯ ಆಚೆ ಮಾತಿಲ್ಲ. ಮರುದಿನಕ್ಕೆ ಅದು ಹಳತಾಯಿತು, ಬಿಟ್ಟುಬಿಟ್ಟೆ.

ನಾನು ಮಾಡಿದ ಕೆಲಸ ಇದು. ಪ್ರತಿ ಮರದ ಎದುರುಮೈಯನ್ನು ದಪ್ಪ ಕತ್ತಿಯಲ್ಲಿ ಟ್ಯಾಪಿಂಗ್ ಮಾಡುವುದು, ಅದು ತೋಟದ ಲೆಕ್ಕಕ್ಕೆ. ಆಮೇಲೆ ಕೆಲವು ಮರಗಳ ಹಿಂಬದಿಯಲ್ಲಿ, ಯಾರೂ ನೋಡದ ಮೈಯಲ್ಲಿ, ಸಪೂರ ಕತ್ತಿಯಿಂದ ಬೇರೆ ಒಂದು ಗೀರು ಎಳೆಯುವುದು, ಅದು ನನಗೆ. ಕಡಿಯುವ ಮರ ತಾನೆ, ಹೇಗಾದರೂ ಮಾಡಿಕೊಳ್ಳಿ ಎಂದು ರೈಟರು ಒಪ್ಪಿದ್ದರು. ಸೊಂಟದಲ್ಲಿ ಎರಡು ಕತ್ತಿ ಸಿಕ್ಕಿಸಿಕೊಂಡು ಹೋಗುತ್ತಿದ್ದೆ. ಹಾಲು ಅಳೆಯುವ ಕೊಟ್ಟಿಗೆಯಲ್ಲಿ ನನಗೆ ಎರಡು ಕತ್ತಿ ಅಜ್ಜಿ ಎಂದು ಹೆಸರಾಯಿತು. ಮಲಯಾಳದಲ್ಲಿ ಹೇಳಿ ನಗುತ್ತಿದ್ದರು. ಅವಳೂ ಅಲ್ಲೇ ಬಕೆಟು ಹಿಡಿದು ನಿಂತಿರುತ್ತಿದ್ದಳು. ನಗುತ್ತಿರಲಿಲ್ಲ, ನಗಬೇಡಿ ಎಂದೂ ಹೇಳುತ್ತಿರಲಿಲ್ಲ.

ಶುರುವಿನಲ್ಲಿ ಎಲ್ಲ ಗಾಯವೇ. ದಪ್ಪ ಕತ್ತಿಯನ್ನು ಒತ್ತಿ ಎಳೆದು ಅಭ್ಯಾಸವಾದ ಕೈ, ಸಪೂರ ಕತ್ತಿಯನ್ನೂ ಒತ್ತುತ್ತಿತ್ತು. ಬಿಳಿ ಎಲುಬು ಕಾಣುತ್ತಿತ್ತು. ಒತ್ತದೆ ಹಿಡಿದರೆ ಕತ್ತಿ ಜಾರಿ ಗೀರು ಹಾವಿನ ಹಾಗೆ ಆಗುತ್ತಿತ್ತು. ಅರದಲ್ಲಿ ಉಜ್ಜಿ ಹರಿತ ಮಾಡಿದ್ದು ತಪ್ಪು ಎಂದು ಆಮೇಲೆ ತಿಳಿಯಿತು. ಅರದ ಹಲ್ಲಿನ ಗುರುತು ಬಾಯಿಯಲ್ಲಿ ಉಳಿದರೆ ಅದು ತೊಗಟೆಯನ್ನು ಹರಿಯುತ್ತದೆ, ಕೊಯ್ಯುವುದಿಲ್ಲ. ನುಣ್ಣಗಿನ ಕಲ್ಲಿಗೆ ನೀರು ಹಾಕಿ, ಒಳಗಿನಿಂದ ಹೊರಕ್ಕೆ, ಉಗುರಿನ ಮೇಲೆ ಇಟ್ಟರೆ ಜಾರದೆ ನಿಲ್ಲುವವರೆಗೆ ಉಜ್ಜಬೇಕು. ಸಂಜೆಯೆಲ್ಲ ಅದೇ ನನ್ನ ಕೆಲಸವಾಯಿತು. ಮಾತಾಡಲಿಕ್ಕೆ ಇಲ್ಲದವರಿಗೆ ಕಲ್ಲು ಒಳ್ಳೆಯದು.

ಕಲಿಸಿದ ಚೇಟ ಒಂದು ದಿನ ಆ ದಾರಿಯಲ್ಲಿ ಬಂದವನು ನನ್ನ ಹಿಂಬದಿಯ ಗೀರು ನೋಡಿದ. ಅವನ ಕನ್ನಡ ನನ್ನ ಮಲಯಾಳದ ಹಾಗೆ, ಅರ್ಧಂಬರ್ಧ. ಕೈಯಿಂದ ಎಳೆಯಬೇಡ, ಕಾಲಿನಿಂದ ಎಳೆ ಎಂದು ಹೇಳಿ, ತಾನೇ ಮರದ ಸುತ್ತ ಪಕ್ಕಕ್ಕೆ ಸಣ್ಣ ಹೆಜ್ಜೆ ಇಡುತ್ತಾ ಹೋಗಿ ತೋರಿಸಿದ. ಕೈ ಎದೆಗೆ ಅಂಟಿದ ಹಾಗೆ ನಿಂತಲ್ಲೇ ಇತ್ತು. ಮೈ ಸುತ್ತಿತು, ಕತ್ತಿ ಮೈಯ ಹಿಂದೆ ಬಂತು. ಅದನ್ನು ಅವನು ಮೊದಲೂ ನಮಗಿಬ್ಬರಿಗೂ ಹೇಳಿದ್ದ. ದಪ್ಪ ಕತ್ತಿಯಲ್ಲಿ ಅದು ಬೇಕಾಗಿರಲಿಲ್ಲ, ಹಾಗಾಗಿ ಕಿವಿಗೆ ಹೋಗಿರಲಿಲ್ಲ.

ಎಳೆ ಗುಡ್ಡೆಯಲ್ಲಿ ಅವಳ ಹಾಲು ಏರಿತು. ರೈಟರು ಎಲ್ಲರ ಎದುರು ಹೊಗಳಿದರು. ನನ್ನ ಬಕೆಟು ಹಾಗೆಯೇ ಇತ್ತು. ಮಾಘ ಕಳೆದು ಮರಗಳು ಎಲೆ ಉದುರಿಸಿ ಟ್ಯಾಪಿಂಗ್ ನಿಂತಾಗ ಬೆಳುವಾಯಿಯ ಗಂಡನ ಮನೆಯಿಂದ ಮಗಳು ಬಂದಳು, ಸೊಂಟದಲ್ಲಿ ಮೊಮ್ಮಗಳನ್ನು ಎತ್ತಿಕೊಂಡು. ಅವಳಿಗೆ ರೈಟರು ಹೇಳಿಬಿಟ್ಟಿದ್ದರು, ಗುಡ್ಡೆ ಕಡಿದ ಮೇಲೆ ನಿಮ್ಮ ಅಮ್ಮನಿಗೆ ಇಲ್ಲಿ ಜಾಗ ಇರುತ್ತದೆಂದು ಹೇಳಲಿಕ್ಕಾಗದು ಎಂದು. ಮಗಳು ಅದನ್ನೇ ಹಿಡಿದಳು.

"ಇಲ್ಲಿ ನಿನಗೆ ಯಾರು ಇದ್ದಾರೆ ಅಮ್ಮ? ಮಾತಾಡ್ಲಿಕ್ಕೂ ಜನ ಇಲ್ಲ. ಮನೆಗೆ ಬಾ. ಮಗುವನ್ನು ನೋಡ್ಕೊಂಡು ಇರುವ."

"ಅಲ್ಲಿ ಅನ್ನ ಉಂಟು. ನನ್ನ ಕೆಲಸ ಎಂತ ಉಂಟು?"

"ಮಗು ನೋಡುದು ಕೆಲಸ ಅಲ್ವಾ?"

ಅದು ನಿನ್ನ ಕೆಲಸ, ಇಬ್ಬರು ಮಕ್ಕಳನ್ನು ಸಾಕಿ ನನ್ನದು ಮುಗಿದಿದೆ ಎಂದೆ. ಅವಳಿಗೆ ನೋವಾಯಿತು, ನನಗೆ ಗೊತ್ತು. ಅಳಿಯನ ಮನೆ ಒಳ್ಳೆಯದೇ. ತುಂಬ ಜನ, ಎಲ್ಲರಿಗೂ ಅವರವರ ಗಡಿಬಿಡಿ. ಆ ಮನೆಯಲ್ಲಿ ನಾನು ಮೂಲೆಯ ಮಣೆಯಾಗುತ್ತಿದ್ದೆ, ಬೇಕಾದಾಗ ಎಳೆಯುವುದು, ಇಲ್ಲದಾಗ ಸರಿಸುವುದು. ಗುಡ್ಡೆಯಲ್ಲಿ ಒಬ್ಬಳೇ ಇರುವುದು ಬೇರೆ. ಮರಗಳು ನನ್ನ ಕಡೆ ಇದ್ದವು ಎಂದು ಹೇಳುವುದಿಲ್ಲ, ಮರಕ್ಕೆ ಯಾರ ಕಡೆಯೂ ಇಲ್ಲ. ಆದರೆ ಆ ಸಾಲು ನನ್ನದಾಗಿತ್ತು. ಗುಡ್ಡೆ ಕಡಿಯುವ ಮೊದಲು ಸಪೂರ ಕತ್ತಿ ನನ್ನ ಕೈಗೆ ಬರಬೇಕು, ಇಲ್ಲದಿದ್ದರೆ ಬೆಳುವಾಯಿ. ನನ್ನ ಮುಂದೆ ಇದ್ದದ್ದು ಅಷ್ಟೇ.

ಮಳೆಗಾಲ ಬಂತು. ಗೀರಿಗೆ ನೀರು ಇಳಿಯದ ಹಾಗೆ ಮರಗಳಿಗೆ ಪ್ಲಾಸ್ಟಿಕ್ ಲಂಗ ಕಟ್ಟಿ ಟ್ಯಾಪಿಂಗ್ ಮಾಡಿದೆವು. ಅಷ್ಟರಲ್ಲಿ ಚೇಟನೂ ಹೇಳಿದ, ಇನ್ನು ಸಾಕು, ದಪ್ಪ ಕತ್ತಿ ಕೊಟ್ಟುಬಿಡು, ಗೀರು ಚೆನ್ನಾಗಿ ಬರುತ್ತಿದೆ ಎಂದು. ನೋಡಲಿಕ್ಕೆ ಚೆನ್ನಾಗಿಯೇ ಇತ್ತು. ಆದರೆ ಈ ಕೆಲಸದಲ್ಲಿ ಒಂದು ಪೇಚು ಉಂಟು. ದೊಡ್ಡ ಗಾಯ ಆ ಹೊತ್ತಿಗೇ ಕಾಣುತ್ತದೆ. ಸಣ್ಣದು ಕಾಣುವುದಿಲ್ಲ. ಹಾಲು ಬಂದು ಮುಚ್ಚುತ್ತದೆ. ತಿಂಗಳುಗಟ್ಟಲೆ ಕಳೆದು ಹೊಸ ತೊಗಟೆ ತುಂಬಿದ ಮೇಲೆ ಗಂಟಾಗಿ ಎದ್ದು ಬರುತ್ತದೆ. ಅಂದರೆ ಇವತ್ತು ನನ್ನ ಕೈ ಹೇಗಿದೆ ಎಂದು ಇವತ್ತು ಯಾರೂ ಹೇಳುವ ಹಾಗಿಲ್ಲ. ಚೇಟನಿಗೂ ಗೊತ್ತಾಗುವುದಿಲ್ಲ, ನನಗೂ ಇಲ್ಲ. ಹಾಲಿನ ಬಕೆಟಿಗಂತೂ ಇಲ್ಲವೇ ಇಲ್ಲ.

ನವರಾತ್ರಿಯ ಹೊತ್ತಿಗೆ ಮಳೆ ಬಿಟ್ಟಿತು. ಒಂದು ದಿನ ಹಾಲು ಅಳೆದು ಕೊಟ್ಟ ಮೇಲೆ ಪುನಃ ಗುಡ್ಡೆ ಹತ್ತಿದೆ. ಮರಗಳ ಹಿಂಬದಿಗೆ ಹೋಗಿ, ಕಣ್ಣು ಮುಚ್ಚಿ, ಅಂಗೈಯನ್ನು ಮೇಲಿನಿಂದ ಕೆಳಕ್ಕೆ ತಂದೆ. ಗೀರು ದಿನದಿನಕ್ಕೆ ಕೆಳಗೆ ಇಳಿಯುತ್ತದೆ, ಹಾಗಾಗಿ ಮೇಲಿನದ್ದು ಹಳೆಯ ಕೈ, ಕೆಳಗಿನದ್ದು ಹೊಸ ಕೈ. ಮೇಲೆ ಎಲ್ಲ ಹಲಸಿನ ಸಿಪ್ಪೆಯ ಹಾಗೆ ಗಂಟು. ಒಂದು ಅಂಗೈಯಷ್ಟು ಕೆಳಗೆ ಬಂದಾಗ ಗಂಟುಗಳು ವಿರಳವಾದವು. ಆಮೇಲೆ ನುಣ್ಣಗೆ. ಮತ್ತೆ ಒಂದು ಕಡೆ ಪುನಃ ಗಂಟು, ಎಲ್ಲ ಮರದಲ್ಲೂ ಅದೇ ಎತ್ತರದಲ್ಲಿ. ಯೋಚಿಸಿದಾಗ ಗೊತ್ತಾಯಿತು, ಅದು ಮಗಳು ಬಂದು ಹೋದ ಮೇಲೆ ಟ್ಯಾಪಿಂಗ್ ಪುನಃ ಶುರುವಾದ ದಿನಗಳದ್ದು. ಕೈ ಬಿಟ್ಟುಹೋಗಿತ್ತೋ, ಮನಸ್ಸು ಬೆಳುವಾಯಿಯಲ್ಲಿತ್ತೋ, ಎರಡರಲ್ಲಿ ಒಂದು. ಅದರ ಕೆಳಗೆ ಮಳೆಗಾಲದ ಹೊಸ ತೊಗಟೆ ಇನ್ನೂ ತೆಳ್ಳಗೆ, ಆದರೆ ನುಣ್ಣಗೆ. ಸಾಲಿನ ಕೊನೆಯವರೆಗೂ ಮುಟ್ಟುತ್ತಾ ಹೋದೆ. ನುಣ್ಣಗೇ ಇತ್ತು.

ಅಲ್ಲಿಯೇ ತೀರ್ಮಾನ ಮಾಡಿದೆ. ಇಳಿದು ಹೋಗಿ ದಪ್ಪ ಕತ್ತಿಯನ್ನು ತೊಳೆದು ರೈಟರ ಮೇಜಿನ ಮೇಲಿಟ್ಟು, ಇನ್ನು ಎಳೆ ಗುಡ್ಡೆಗೆ ಬರುತ್ತೇನೆ ಎಂದೆ.

ಅವರು ಕತ್ತಿಯನ್ನು ನೋಡಿದರು, ನನ್ನನ್ನು ನೋಡಿದರು.

"ಈಗ ಬಂದ್ರೆ ನಾನು ಎಲ್ಲಿಗೆ ಹಾಕುದು? ಕಳೆದ ವರ್ಷ ಕರೆದಾಗ ಬರ್ಲಿಲ್ಲ ನೀವು. ಅಲ್ಲಿ ಈಗ ಜನ ತುಂಬಿದ್ದಾರೆ."

ಅವರು ಹೇಳಿದ್ದು ಸರಿಯೇ. ಕತ್ತಿ ಹಿಂದೆ ತೆಗೆದುಕೊಳ್ಳುವ ಹಾಗೂ ಇರಲಿಲ್ಲ. ಉಳಿದ ದಿನ ಹಳೆ ಗುಡ್ಡೆಯನ್ನು ಸಪೂರ ಕತ್ತಿಯಲ್ಲೇ ಮುಗಿಸಿದೆ. ಕಡಿಯುವವರು ಗರಗಸದ ಯಂತ್ರ ತಂದರು. ಮರ ಬೀಳುವಾಗ ಹಾಲು ಚಿಮ್ಮಿ ನೆಲವೆಲ್ಲ ಬಿಳಿ. ಮೇಲಿನ ಸಾಲಿನಿಂದ ಶುರು ಮಾಡಿದ್ದರು, ದಿನಕ್ಕೆ ಇಷ್ಟು ಎಂದು ಕೆಳಕ್ಕೆ ಬಂದರು. ನನ್ನ ಸಾಲು ಹೋದ ದಿನ ರೈಟರು ನನ್ನನ್ನು ಶೀಟು ಒತ್ತುವ ಯಂತ್ರಕ್ಕೆ ಹಾಕಿದರು, ತಿಂಗಳ ಕೊನೆಯವರೆಗೆ ಮಾತ್ರ ಎಂದು ಹೇಳಿ. ಹೆಪ್ಪುಗಟ್ಟಿದ ಹಾಲನ್ನು ಉರುಳೆಗಳ ನಡುವೆ ಕೊಡುವುದು, ಆಚೆಯಿಂದ ಎಳೆಯುವುದು, ಬಿದಿರಿಗೆ ನೇತುಹಾಕುವುದು. ಅದರಲ್ಲಿ ಕಲಿಯುವುದು ಏನೂ ಇಲ್ಲ. ಮಗಳಿಗೆ ಕಾಗದ ಬರೆಯಲಿಲ್ಲ, ಆದರೆ ಪಾತ್ರೆಗಳನ್ನು ಗೋಣಿಗೆ ತುಂಬಿಸಿ ಇಟ್ಟೆ.

ತಿಂಗಳು ಮುಗಿಯುವ ಮೊದಲೇ ಒಂದು ಸಂಜೆ ಅವಳು ಬಂದಳು. ಒಂದು ವರ್ಷವಾಗಿತ್ತು ನನ್ನ ಜಗಲಿಗೆ ಅವಳು ಕಾಲಿಟ್ಟು. ಗೋಣಿಯನ್ನು ನೋಡಿದಳು. ಕೂರಲಿಲ್ಲ.

ತಾನು ಬಂಟ್ವಾಳಕ್ಕೆ ಹೋಗುತ್ತೇನೆ ಎಂದಳು. ಅವಳ ತಾಯಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದರು. ಅಣ್ಣಂದಿರು ಇಬ್ಬರೂ ದುಬೈಯಲ್ಲಿ. ನೋಡುವವರು ಬೇಕಿತ್ತು. ಯಾವಾಗ ಬರುತ್ತಿ ಎಂದು ಕೇಳಿದೆ. ಬರುವುದಿಲ್ಲ ಎಂದಳು.

"ನನ್ನ ಬ್ಲಾಕ್ ನಿನಗೆ ಕೊಡ್ಲಿಕ್ಕೆ ರೈಟರಿಗೆ ಹೇಳಿದ್ದೇನೆ. ಅವರು ಆಗಬಹುದು ಹೇಳಿದ್ರು. ಈಗ ಬಾ, ಒಂದು ಸಲ ನೋಡ್ಕೊಂಡು ಬರುವ. ಬೆಳಕು ಉಂಟು."

ಎಳೆ ಗುಡ್ಡೆಗೆ ನಾನು ಹೋದದ್ದು ಅದೇ ಮೊದಲು. ಸಪೂರ ಮರಗಳು, ತೊಗಟೆ ಮಕ್ಕಳ ಮೈಯ ಹಾಗೆ. ಅವಳು ಮುಂದೆ ಹೋಗಿ, ಮೂರನೆಯದೋ ನಾಲ್ಕನೆಯದೋ ಮರದ ಎದುರು ನಿಂತಳು. ನನ್ನ ಬಲಗೈ ಹಿಡಿದು ಗೀರಿನ ಮೇಲ್ಗಡೆ ಒತ್ತಿದಳು. ಗಂಟು.

"ಇದು ನನ್ನದು," ಎಂದಳು.

ಮುಂದಿನ ಮರ ಬಿಟ್ಟು ಅದರ ಮುಂದಿನದ್ದು. "ಇದೂ ನನ್ನದು. ಇದು ಮೊದಲ ವಾರದ್ದು. ಕತ್ತಿ ಜಾರಿತ್ತು."

ಹೀಗೆ ಸಾಲಿನ ಉದ್ದಕ್ಕೂ ನನ್ನ ಕೈಯನ್ನು ತೆಗೆದುಕೊಂಡು ಹೋದಳು. ಎಲ್ಲ ಮರದಲ್ಲಿ ಇರಲಿಲ್ಲ. ನಾನು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ. ಎಲ್ಲ ಶುರುವಿನ ತಿಂಗಳುಗಳದ್ದು, ಕೆಳಗೆ ಬಂದ ಹಾಗೆ ಒಳ್ಳೆಯ ತೊಗಟೆ, ನನ್ನದಕ್ಕಿಂತ ಒಳ್ಳೆಯದು. ಅವಳು ಎಳೆ ಮರದ ಮೇಲೆ ನಾಲ್ಕು ತಿಂಗಳಲ್ಲಿ ಕಲಿತದ್ದನ್ನು ನಾನು ಸಾಯುವ ಮರದ ಮೇಲೆ ಹತ್ತು ತಿಂಗಳು ಕಲಿತಿದ್ದೆ. ಗಂಟುಗಳು ಈಗ ಯಾರಿಗೂ ತೊಂದರೆಯಲ್ಲ. ಎಷ್ಟೋ ವರ್ಷ ಕಳೆದು ಕತ್ತಿ ಪುನಃ ಆ ಮೈಗೆ ಬರುವಾಗ ತೊಂದರೆ.

"ಆಗ ಇದನ್ನು ನಿನ್ನ ತಲೆಗೆ ಕಟ್ತಾರೆ," ಎಂದಳು. "ಅಜ್ಜಿಯ ಕೈ ನಡುಗ್ತಿತ್ತು ಹೇಳ್ತಾರೆ. ಅದಕ್ಕೆ ರೈಟರಿಗೂ ಎಲ್ಲ ತೋರಿಸಿದ್ದೇನೆ. ಒಂದೊಂದೇ."

"ಅವರು ಎಂತ ಹೇಳಿದ್ರು?"

"ಎಲ್ಲರೂ ಹಾಗೇ ಕಲಿಯುದು ಹೇಳಿದ್ರು."

ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ಇಬ್ಬರೂ ಸಾಲಿನ ಕೊನೆಗೆ ಬಂದೆವು. ಹಳೆ ಗುಡ್ಡೆ ಅಲ್ಲಿಂದ ಕಾಣುತ್ತಿತ್ತು, ಬೋಳು, ಕೆಂಪು ಮಣ್ಣು.

ನಾಚಿಕೆಯ ವಿಷಯ ನೀನು ಹೇಳಿದ್ದು ಸರಿ ಇತ್ತು ಎಂದು ಹೇಳುವ ಎಂದುಕೊಂಡೆ. ಪೂರ್ತಿ ಸರಿ ಇರಲಿಲ್ಲ, ಆದ್ದರಿಂದ ಹೇಳಲಿಲ್ಲ. ಕಾಟಿಯ ವಿಷಯ ಹೇಳಿದೆ. ಟಾರ್ಚು ಆರಿಸಿ ನಿಂತದ್ದು, ಅದರ ಉಸಿರು ಕೇಳಿದ್ದು.

"ಯಾವಾಗ ಅದು?"

"ನೀನು ಹೋದ ಮೇಲೆ."

"ಹೇಳ್ಬೇಕಲ್ಲಾ ಮಾರಾಯ್ತಿ," ಎಂದಳು. ಅಕ್ಕ ಎನ್ನಲಿಲ್ಲ. ಇಳಿಯುವಾಗ ದಾರಿಯುದ್ದಕ್ಕೂ ತಾಯಿಯ ಸೊಂಟದ ವಿಷಯ ಮಾತಾಡಿದಳು. ಎಣ್ಣೆ ಯಾವುದು, ಆಸ್ಪತ್ರೆ ಯಾವುದು ಎಂದು ನಾನು ಕೇಳಿದೆ. ಮೊದಲಿನ ಹಾಗೆ ಮಾತು ಬರಲಿಲ್ಲ. ಬೇರೆಯವರ ಜೊತೆ ಮಾತಾಡಿದ ಹಾಗೆ ಬಂತು. ಅವಳು ಆ ಸಂಜೆಯ ಕೊನೆಯ ಬಸ್ಸಿಗೇ, ಬಂಟ್ವಾಳಕ್ಕೆಂದು, ಉಜಿರೆಗೆ ಇಳಿದಳು.

ಮರುದಿನ ಬೆಳಗ್ಗೆ ಬಾಂಗಿಗೆ ಮುಂಚೆಯೇ ಎದ್ದು ಎಳೆ ಗುಡ್ಡೆ ಹತ್ತಿದೆ. ಮೊದಲ ಮರದ ಗೀರಿನಲ್ಲಿ ಒಣಗಿದ ಹಾಲಿನ ದಾರ ಎಳೆದು ತೆಗೆದೆ, ಕತ್ತಿ ಇಟ್ಟೆ, ಹೆಜ್ಜೆ ಹಾಕಿದೆ. ಹಾಲು ಸರಿಯಾಗಿ ಬಂತು. ಎರಡನೆಯದೂ ಸರಿ. ಐದೋ ಆರೋ ಮರ ಆದ ಮೇಲೆ ಒಂದರಲ್ಲಿ ಕೈ ಒತ್ತಿತು. ಟಾರ್ಚಿನ ಬೆಳಕಿನಲ್ಲಿ ಎಲುಬು ಬಿಳಿ ಕಂಡಿತು, ಅಕ್ಕಿ ಕಾಳಿನಷ್ಟು. ಹಾಲು ಬಂದು ಅದನ್ನು ಮುಚ್ಚಿತು. ಡಬ್ಬಿಯಿಂದ ಮರದ ಗಾಯಕ್ಕೆ ಹಾಕುವ ಮದ್ದು ತೆಗೆದು ಬೆರಳಿನಿಂದ ಹಚ್ಚಿ, ಕೈಯನ್ನು ಸೀರೆಗೆ ಒರೆಸಿಕೊಂಡು ಮುಂದಿನ ಮರಕ್ಕೆ ಹೋದೆ.